ಕಲ್ಲಿನ ಬ್ಲಾಕು ಎಳೆಯುವ ವೈರ್ ರೋಪ್ ಮತ್ತು ಸರಪಳಿ: ಇಳಕಲ್, ಹುನಗುಂದ, ಬಾದಾಮಿ ಸೀಮೆ

ಬಂಡೆಯಿಂದ ಬಿಡಿಸಿದ ಕಲ್ಲಿನ ಬ್ಲಾಕಿಗೆ ಕುಣಿಕೆ ಹಾಕಿ, ನೆಲದ ಮೇಲೆ ಎಳೆದು, ಲಾರಿಗೆ ಏರಿಸುವ ಜಾಗಕ್ಕೆ ತರಲು ಎರಡು ಸಾಧನಗಳಿವೆ. ಒಂದು ಉಕ್ಕಿನ ತಂತಿಗಳನ್ನು ಹೊಸೆದು ಮಾಡಿದ ವೈರ್ ರೋಪ್. ಇನ್ನೊಂದು ಕೊಂಡಿಗೆ ಕೊಂಡಿ ಪೋಣಿಸಿದ ಸರಪಳಿ. ಎರಡಕ್ಕೂ ಹಾಕುವ ಕಟ್ಟು ಜೀರುಗುಣಿಕೆಯೇ: ಒಂದು ತುದಿಯನ್ನು ಇನ್ನೊಂದು ತುದಿಯ ಕಣ್ಣಿನೊಳಗೆ ಹಾಯಿಸಿದರೆ ಎಳೆದಷ್ಟೂ ಅದು ಬಿಗಿಯುತ್ತದೆ. ಕಾಡಿನಲ್ಲಿ ಮರದ ದಿಮ್ಮಿ ಎಳೆಯುವವರೂ ಇದೇ ಕಟ್ಟು ಹಾಕುತ್ತಾರೆ. ದಿಮ್ಮಿ ದುಂಡಗಿರುತ್ತದೆ, ತೊಗಟೆ ಮೆತ್ತಗಿರುತ್ತದೆ. ಅದರ ಸುತ್ತ ವೈರ್ ರೋಪ್ ಸಲೀಸಾಗಿ ಬಾಗುತ್ತದೆ. ಅಮೆರಿಕ, ಕೆನಡಾಗಳ ಕಾಡುಗಳಲ್ಲಿ ಯಂತ್ರದ ಹಿಂದೆ ದಿಮ್ಮಿ ಜಗ್ಗುವ ಕುಣಿಕೆಗಳು ಬಹುಪಾಲು ವೈರ್ ರೋಪಿನವೇ. ಬಾಗಲಕೋಟೆ ಜಿಲ್ಲೆಯ ಬಯಲಿನಲ್ಲಿ ಅಂಥ ಕಾಡಿಲ್ಲ. ಇಲ್ಲಿ ಎಳೆಯಬೇಕಾದದ್ದು ಕಲ್ಲು, ಮತ್ತು ಕಲ್ಲಿಗೆ ಅಂಚಿದೆ. ಈ ಲೇಖನದಲ್ಲಿ ಬರುವ ಲೆಕ್ಕ, ನಿಯಮ, ಎಚ್ಚರಿಕೆಗಳೆಲ್ಲ ಆ ಅಂಚನ್ನೇ ಸುತ್ತುತ್ತವೆ.

ನೆಲ ಮತ್ತು ಕಲ್ಲು

1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯಲ್ಲಿ ಎರಡು ಬಗೆಯ ಕಲ್ಲು ಹೆಸರಾಗಿವೆ. ಬಾದಾಮಿ, ಗುಳೇದಗುಡ್ಡ, ಪಟ್ಟದಕಲ್ಲು, ಐಹೊಳೆಗಳ ಸುತ್ತ ಇರುವುದು ಕಲಾದಗಿ ಜಲಾನಯನದ ಕೆಂಪು ಮರಳುಗಲ್ಲು. ಅದು ಪದರಪದರವಾಗಿ ಕೂತ ಕಲ್ಲು. ಪದರದ ಗುಂಟ ಸೀಳುತ್ತದೆ, ಉಳಿಗೆ ಬೇಗ ಒಲಿಯುತ್ತದೆ. ಹುನಗುಂದ ದಾಟಿ ಇಳಕಲ್ಲಿನ ಕಡೆಗೆ ನಡೆದಂತೆ ನೆಲ ಬದಲಾಗಿ ಸುಮಾರು 250 ಕೋಟಿ ವರ್ಷ ಹಳೆಯ ಗುಲಾಬಿ ಮತ್ತು ಕೆಂಪು ಗ್ರಾನೈಟು ಮೇಲೇಳುತ್ತದೆ. ಪಕ್ಕದ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲೂ ಇದೇ ಕಲ್ಲು ಮುಂದುವರಿಯುತ್ತದೆ. ಸೀರೆಯಿಂದ ಹೆಸರಾದ ಇಳಕಲ್ಲನ್ನು ಹೊರದೇಶದ ಕಲ್ಲು ವ್ಯಾಪಾರಿಗಳು ಬಲ್ಲದ್ದು ಈ ಗ್ರಾನೈಟಿನಿಂದ.

ಗ್ರಾನೈಟಿನ ತೂಕ ಘನ ಮೀಟರಿಗೆ ಸುಮಾರು 2.65 ಟನ್. 3 ಮೀಟರ್ ಉದ್ದ, 1.8 ಮೀಟರ್ ಅಗಲ, 1.4 ಮೀಟರ್ ಎತ್ತರದ ಬ್ಲಾಕು 20 ಟನ್ ತೂಗುತ್ತದೆ. ಗರಗಸದ ಕಾರ್ಖಾನೆಗಳು ಕೇಳುವುದು ಇಂಥ ದೊಡ್ಡ, ಚೌಕಟ್ಟಾದ ಬ್ಲಾಕುಗಳನ್ನೇ. ಹಲಗೆಗಳನ್ನು ಕೊಯ್ದಾಗ ಪೋಲಾಗುವ ಭಾಗ ಆಗ ಕಡಿಮೆ. ಒಂದು ಮೂಲೆ ಒಡೆದರೂ ಬ್ಲಾಕಿನ ಬೆಲೆ ಇಳಿಯುತ್ತದೆ. ಹೀಗಾಗಿ ಎಳೆಯುವವನಿಗೆ ಎರಡು ಹೊಣೆ. ಕಲ್ಲು ಹಗ್ಗವನ್ನು ತಿನ್ನದಂತೆಯೂ ನೋಡಬೇಕು, ಸರಪಳಿ ಕಲ್ಲನ್ನು ತಿನ್ನದಂತೆಯೂ ನೋಡಬೇಕು.

ಹಗ್ಗದ ಹಳೆಯ ಕಾಲ

ಬಾದಾಮಿಯ ಗುಹಾಲಯಗಳಲ್ಲಿ ಕಲ್ಲು ಎಳೆಯುವ ಪ್ರಶ್ನೆಯೇ ಹುಟ್ಟಲಿಲ್ಲ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ದೇವರು, ಕಂಬ, ಬೋದಿಗೆ ಎಲ್ಲವೂ ಇದ್ದಲ್ಲೇ ಇವೆ. ಹೊರಗೆ ಹೋದದ್ದು ಚೆಕ್ಕೆ ಮಾತ್ರ. ಐಹೊಳೆಯ ಮೇಗುತಿ ಗುಡಿಯ ಕಾಲಕ್ಕೆ, ಎಂದರೆ 634ರ ಹೊತ್ತಿಗೆ, ಕಟ್ಟಿದ ಗುಡಿಗಳು ಎದ್ದು ನಿಂತಿದ್ದವು. ಎಂಟನೆಯ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಶಿಖರ ಎತ್ತಿದರು. ಅಷ್ಟೂ ಕಲ್ಲು ಗುಡ್ಡದಿಂದ ಮಲಪ್ರಭೆಯ ದಂಡೆಗೆ ಬರಲೇಬೇಕಾಗಿತ್ತು. ಹತ್ತಿರದ ಗುಡ್ಡಗಳಲ್ಲಿ ಬೆಣೆ ಹೊಡೆದ ಸಾಲುಗುಳಿಗಳು ಈಗಲೂ ಕಾಣುತ್ತವೆ. ಆಗ ಕೈಗೆ ಸಿಗುತ್ತಿದ್ದದ್ದು ನಾರಿನ ಹಗ್ಗ, ಚರ್ಮದ ಮಿಣಿ, ಮರದ ಉರುಳೆ, ಹಾರೆ, ಎತ್ತು, ಆಳುಗಳ ತೋಳು. ನಾರಿನ ಹಗ್ಗ ಕಲ್ಲಿನ ಅಂಚಿಗೆ ತಗುಲಿದರೆ ನಿಲ್ಲುವುದಿಲ್ಲ. ಕಲ್ಲನ್ನು ಮರದ ದಿಂಡುಗಳ ಮೇಲೆ ಕೂರಿಸಿ, ಹಗ್ಗವನ್ನು ಕಲ್ಲಿಗೆ ಕಟ್ಟುವ ಬದಲು ಮರದ ಚೌಕಟ್ಟಿಗೆ ಕಟ್ಟುವುದು ಲೋಕದ ಎಲ್ಲ ಕಡೆಯ ಹಳೆಯ ಕಲ್ಲುಕೆಲಸದ ಜಾಣತನ. ಅಂಚಿನಿಂದ ಹಗ್ಗವನ್ನು ದೂರವಿಡುವ ಈ ಬುದ್ಧಿ ಇಂದಿನ ಗಣಿಗೂ ಬೇಕು.

ಭಾರ ಜಗ್ಗುವುದು ಈ ಸೀಮೆಯಲ್ಲಿ ಬರೀ ಕೂಲಿಕೆಲಸವಾಗಿ ಉಳಿದಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ತೇರು ಎಳೆಯುವ ಹಗ್ಗ ಗದಗ ಜಿಲ್ಲೆ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುತ್ತದೆ. ಹಗ್ಗ ಬರುವುದೇ ಒಂದು ಮೆರವಣಿಗೆ. ಜಾತ್ರೆಗಳಲ್ಲಿ ನಡೆಯುವ ತೆರೆಬಂಡಿ ಸ್ಪರ್ಧೆಯನ್ನೂ ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರು ಕಡೆ ನಡೆಯುವ ಎತ್ತುಗಳ ಕಲ್ಲು ಎಳೆಯುವ ಪಂದ್ಯವನ್ನೂ ನೋಡಿದವರಿಗೆ, ನಿಂತ ಭಾರವನ್ನು ಮೊದಲ ಗೇಣು ಕದಲಿಸುವುದೇ ಕಷ್ಟವೆಂಬುದು ಪುಸ್ತಕವಿಲ್ಲದೆ ತಿಳಿದಿರುತ್ತದೆ. ಆ ಮೊದಲ ಗೇಣಿನಲ್ಲೇ ಕುಣಿಕೆಯ ಮೇಲೆ ಅತಿ ಹೆಚ್ಚಿನ ಬಲ ಬೀಳುವುದು.

ಸರಪಳಿಯನ್ನು ಹಿಂದೆ ಹಾಕಿದ ತಂತಿ

ಸರಪಳಿ ಮತ್ತು ತಂತಿಹಗ್ಗಗಳ ಪೈಪೋಟಿ ಹುಟ್ಟಿದ್ದೇ ಗಣಿಯಲ್ಲಿ. ಜರ್ಮನಿಯ ಹಾರ್ಜ್ ಬೆಟ್ಟಗಳ ಬೆಳ್ಳಿ ಗಣಿಗಳಲ್ಲಿ ಅದಿರನ್ನು ಮೇಲೆತ್ತಲು ಸೆಣಬಿನ ಹಗ್ಗ ಮತ್ತು ಕಬ್ಬಿಣದ ಸರಪಳಿಗಳಿದ್ದವು. ಹಗ್ಗ ಕೊಳೆಯುತ್ತಿತ್ತು. ಸರಪಳಿ ಯಾವ ಸೂಚನೆಯನ್ನೂ ಕೊಡದೆ ಕಡಿದುಹೋಗುತ್ತಿತ್ತು. ಅಲ್ಲಿನ ಗಣಿ ಅಧಿಕಾರಿ ವಿಲ್‌ಹೆಲ್ಮ್ ಆಲ್ಬರ್ಟ್ 1834ರಲ್ಲಿ ಕ್ಲಾಸ್ತಾಲ್ ಎಂಬಲ್ಲಿ 3.5 ಮಿಲಿಮೀಟರ್ ದಪ್ಪದ ನಾಲ್ಕು ತಂತಿಗಳ ಮೂರು ಎಳೆಗಳನ್ನು ಹೊಸೆದು ಹಗ್ಗ ಮಾಡಿ ಬಾವಿಗೆ ಇಳಿಸಿದ. ಒಂದು ಕೊಂಡಿ ಹೋದರೆ ಇಡೀ ಸರಪಳಿ ಹೋಯಿತು. ಒಂದು ತಂತಿ ಹೋದರೆ ಹಗ್ಗದ ಉಳಿದ ತಂತಿಗಳು ಭಾರ ಹೊರುತ್ತವೆ, ಕಡಿದ ತಂತಿ ಕಣ್ಣಿಗೂ ಬೀಳುತ್ತದೆ. ಇದೇ ಅವನ ತರ್ಕ. ಕರ್ನಾಟಕದಲ್ಲಿ ಈ ತರ್ಕವನ್ನು ಕೊನೆಯವರೆಗೆ ನಂಬಿ ನಡೆದದ್ದು ಕೋಲಾರದ ಚಿನ್ನದ ಗಣಿ. 3 ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚುವವರೆಗೂ ಆಳುಗಳನ್ನು ಇಳಿಸಿ ಏರಿಸಿದ್ದು ಉಕ್ಕಿನ ಹಗ್ಗಗಳೇ.

ಆದರೆ ಬಾವಿಯ ಹಗ್ಗ ಗಾಳಿಯಲ್ಲಿ ನೇತಾಡುತ್ತದೆ, ದೊಡ್ಡ ರಾಟೆಯ ಮೇಲೆ ಹಾಯುತ್ತದೆ. ಇಳಕಲ್ಲಿನ ಹಗ್ಗ ಹಾಗಲ್ಲ. ಅದು ಗರಸಿನಲ್ಲಿ ಹೊರಳಿ, ಕಲ್ಲಿನ ಕೆಳಗೆ ನುಸುಳಿ, ಚೂಪು ಮೂಲೆಯ ಮೇಲೆ 90 ಡಿಗ್ರಿ ಬಾಗಬೇಕು. ಆಲ್ಬರ್ಟನ ತರ್ಕವನ್ನು ಇಲ್ಲಿಗೆ ಹಾಗೇ ತಂದು ಸರಪಳಿ ಹಳೆಯದು, ವೈರ್ ರೋಪ್ ಹೊಸದು ಎಂದು ತೀರ್ಮಾನಿಸುವುದು ತಪ್ಪು.

ಎರಡರ ಒಳರಚನೆ

ವೈರ್ ರೋಪಿನ ನಡುವೆ ಒಂದು ತಿರುಳು, ಸುತ್ತ ಆರು ಎಳೆಗಳು, ಪ್ರತಿ ಎಳೆಯಲ್ಲಿ ಹಲವು ತಂತಿಗಳು. 6×19 ಎಂದರೆ ಆರು ಎಳೆ, ಎಳೆಗೆ 19 ತಂತಿಗಳ ವರ್ಗ. 6×36 ಎಂದರೆ ಎಳೆಗೆ 36ರ ವರ್ಗ. ತಂತಿ ಹೆಚ್ಚಿದಷ್ಟೂ ಹಗ್ಗ ಬಳುಕುತ್ತದೆ, ಆದರೆ ಒಂದೊಂದು ತಂತಿಯೂ ಸಣ್ಣದಾಗಿ ತಿಕ್ಕಾಟಕ್ಕೆ ಬೇಗ ಸವೆಯುತ್ತದೆ. ಕಲ್ಲು ಜಗ್ಗುವ ಕೆಲಸಕ್ಕೆ ನಾರಿನ ತಿರುಳು ಬೇಡ. ಅಂಚಿನ ಮೇಲೆ ಅದು ಚಪ್ಪಟೆಯಾಗುತ್ತದೆ, ಬೇಸಿಗೆಯ ಬಿಸಿಲಿಗೆ ಅದರೊಳಗಿನ ಎಣ್ಣೆ ಒಣಗುತ್ತದೆ. ಉಕ್ಕಿನ ತಿರುಳಿನ ಹಗ್ಗವೇ ಸರಿ. ಸಾಮಾನ್ಯ ಎಂಜಿನಿಯರಿಂಗ್ ಕೆಲಸದ ವೈರ್ ರೋಪಿಗೆ ಭಾರತೀಯ ಮಾನಕ ಐಎಸ್ 2266. ಅದರಿಂದ ಮಾಡಿದ ಕುಣಿಕೆಗಳಿಗೆ, ಎಂದರೆ ಸ್ಲಿಂಗುಗಳಿಗೆ, ಐಎಸ್ 2762.

ಸರಪಳಿಯಲ್ಲಿ ಎಲ್ಲವೂ ಉಕ್ಕಿನ ದರ್ಜೆಯ ಮೇಲೆ ನಿಂತಿದೆ. ಭಾರದ ಕೆಲಸಕ್ಕೆ ಬೇಕಾದದ್ದು 80 ಅಥವಾ 100ರ ದರ್ಜೆಯ, ಕಾಯಿಸಿ ಹದಗೊಳಿಸಿದ ಮಿಶ್ರಲೋಹದ ಕಿರುಕೊಂಡಿ ಸರಪಳಿ. ಕೊಂಡಿಗಳ ಮೇಲೆ ಅಲ್ಲಲ್ಲಿ 8 ಅಥವಾ 10ರ ಗುರುತು ಒತ್ತಿರುತ್ತಾರೆ. ಕಬ್ಬಿಣದ ಅಂಗಡಿಯಲ್ಲಿ ತೂಕಕ್ಕೆ ಸಿಗುವ, ಗುರುತಿಲ್ಲದ ಸಾದಾ ಸರಪಳಿ ದನ ಕಟ್ಟಲು, ಗೇಟು ಬಿಗಿಯಲು ಸಾಕು. ಅದರಿಂದ 20 ಟನ್ ಕಲ್ಲು ಜಗ್ಗುವುದು ಜೀವದ ಜೊತೆ ಆಟ. ಬಣ್ಣ ನೋಡಿ ಸರಪಳಿ ಕೊಳ್ಳಬಾರದು. ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು.

ಒಂದು ಲೆಕ್ಕ

ಮೇಲೆ ಹೇಳಿದ 20 ಟನ್ ಬ್ಲಾಕನ್ನೇ ತೆಗೆದುಕೊಳ್ಳೋಣ. ಗಟ್ಟಿ ನೆಲದ ಮೇಲೆ ಕಲ್ಲು ಜಾರುವಾಗ ಘರ್ಷಣೆ ತೂಕದ 0.6ರಷ್ಟಿದ್ದರೆ ಎಳೆಯಲು 12 ಟನ್ ಬಲ ಬೇಕು. ದಾರಿ ಹತ್ತಕ್ಕೆ ಒಂದರಂತೆ ಏರಿದರೆ ಇನ್ನೂ 2 ಟನ್ ಸೇರುತ್ತದೆ. ಜೀರುಗುಣಿಕೆ ಹಾಕಿದಾಗ ಹಗ್ಗವಾಗಲಿ ಸರಪಳಿಯಾಗಲಿ ನೇರ ಎಳೆತದ ಸಾಮರ್ಥ್ಯದಲ್ಲಿ ನೂರಕ್ಕೆ ಸುಮಾರು 80 ಭಾಗವನ್ನಷ್ಟೇ ಉಳಿಸಿಕೊಳ್ಳುತ್ತದೆ. ಅಂದರೆ ಸಮತಟ್ಟು ನೆಲದ 12 ಟನ್ ಎಳೆತಕ್ಕೂ 15 ಟನ್ ಗುರುತಿನ ಸಾಧನ ಬೇಕು.

80ರ ದರ್ಜೆಯಲ್ಲಿ ಅದು 22 ಮಿಲಿಮೀಟರ್ ಸರಪಳಿ. ಮೀಟರಿಗೆ ಸುಮಾರು 11 ಕಿಲೋ ತೂಕ. ವೈರ್ ರೋಪಿನಲ್ಲಿ, ಒಡೆಯುವ ಬಲದ ಐದರಲ್ಲೊಂದು ಪಾಲನ್ನಷ್ಟೇ ಬಳಸುವ ರೂಢಿಯಂತೆ, 36 ಮಿಲಿಮೀಟರ್ ಹಗ್ಗ. ಮೀಟರಿಗೆ ಸುಮಾರು 5.3 ಕಿಲೋ. ಬ್ಲಾಕಿನ ಸುತ್ತಳತೆ 6.4 ಮೀಟರ್, ಕುಣಿಕೆಯ ಉದ್ದ 8 ಮೀಟರ್ ಎಂದಿಟ್ಟುಕೊಂಡರೆ ಸರಪಳಿ 88 ಕಿಲೋ, ಹಗ್ಗ 42 ಕಿಲೋ. ಮೇ ತಿಂಗಳ ಬಿಸಿಲಲ್ಲಿ, ಸುತ್ತ ಕಾದ ಬಂಡೆಯ ನಡುವೆ ಇದನ್ನು ಹೊತ್ತು ಹಾಕುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. 88 ಕಿಲೋ ಸರಪಳಿಗೆ ಇಬ್ಬರು ಆಳು ಬೇಕೇಬೇಕು. ವೈರ್ ರೋಪಿನ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದು ಎಲ್ಲಕ್ಕಿಂತ ಗಟ್ಟಿಯಾದದ್ದು.

ಹಗ್ಗಕ್ಕೆ ಇನ್ನೊಂದು ಅನುಕೂಲವಿದೆ. ಅದು ಸೆಟೆದು ನಿಲ್ಲುತ್ತದೆ. ಬ್ಲಾಕಿನ ಕೆಳಗೆ ನಾಲ್ಕು ಬೆರಳು ಸಂದಿದ್ದರೆ ಈ ಕಡೆಯಿಂದ ತಳ್ಳಿ ಆ ಕಡೆ ಹೊರತೆಗೆಯಬಹುದು. ಸರಪಳಿಯನ್ನು ತಳ್ಳಲು ಬರುವುದಿಲ್ಲ. ತಂತಿಯ ಕೊಕ್ಕೆ ಹಾಕಿ ಎಳೆದುಕೊಳ್ಳಬೇಕು. ಹಾಗೆ ಎಳೆಯಲು ಬ್ಲಾಕಿನ ಕೆಳಗೆ ಕೈ ಹಾಕುವ ಅಭ್ಯಾಸ ಎಷ್ಟು ಅಪಾಯಕಾರಿ ಎಂದು ಬಿಡಿಸಿ ಹೇಳಬೇಕಿಲ್ಲ. ಎಷ್ಟೇ ಅವಸರವಿದ್ದರೂ ಹಾರೆಯಿಂದ ಎತ್ತಿ, ಗಟ್ಟಿ ಮರದ ತುಂಡು ಇಟ್ಟು, ಆಮೇಲೆ ಕೊಕ್ಕೆ.

ಸರಪಳಿಯ ಗೆಲುವು ಬೇರೆ ಕಡೆ ಇದೆ. ಅದರ ಕೊಂಡಿ ಗಟ್ಟಿ ಉಕ್ಕಿನ ಸರಳು. ಗರಸಿನಲ್ಲಿ ಉಜ್ಜಿದರೂ ನಿಧಾನವಾಗಿ ಸವೆಯುತ್ತದೆ. ಹಗ್ಗದ ಹೊರತಂತಿಗಳು ಅದೇ ನೆಲದ ಮೇಲೆ ಬೇಗ ಚಪ್ಪಟೆಯಾಗುತ್ತವೆ. ಕಲ್ಲಿನ ಪುಡಿ ನೀರಿನೊಡನೆ ಸೇರಿ ರಾಡಿಯಾಗಿ ಎಳೆಗಳ ನಡುವೆ ಇಳಿದು ಒಳಗಿನಿಂದಲೇ ಅರೆಯತೊಡಗುತ್ತದೆ. ಹೊರಗಿನಿಂದ ಚೆಂದ ಕಾಣುವ ಹಗ್ಗದ ಒಳಗೆ ತುಕ್ಕು ಕೂತಿರಬಹುದು. ಸರಪಳಿಗೆ ಮರೆಯಾದ ಒಳಭಾಗವೇ ಇಲ್ಲ. ಇದಲ್ಲದೆ ಒರಟು ಕಲ್ಲಿಗೆ ಕೊಂಡಿಗಳು ಕಚ್ಚಿಕೊಳ್ಳುವುದರಿಂದ ಕುಣಿಕೆ ಜಾರುವುದು ಕಡಿಮೆ. ಕೆಲಸ ಮುಗಿದ ಮೇಲೆ ಸರಪಳಿ ಇದ್ದಲ್ಲೇ ಕುಸಿದು ಬೀಳುತ್ತದೆ. ಹಗ್ಗ ಮಾತ್ರ ಬಿಗಿ ಬಿಟ್ಟೊಡನೆ ಹಾವಿನಂತೆ ಪುಟಿದು ಮೊಣಕಾಲಿಗೆ ಬಡಿಯಬಲ್ಲದು.

ಅಂಚು

ಹಗ್ಗ ತನ್ನ ದಪ್ಪದಷ್ಟೇ ವ್ಯಾಸದ ದುಂಡು ಮೂಲೆಯ ಮೇಲೆ ಬಾಗಿದರೆ ಅದರ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಚೂಪಾದರೆ ಇನ್ನೂ ಕಡಿಮೆ, ಜೊತೆಗೆ ತಂತಿಗಳು ಅಲ್ಲೇ ಕತ್ತರಿಸುತ್ತವೆ. ಸರಪಳಿಗೂ ಅಂಚಿನಿಂದ ವಿನಾಯಿತಿ ಇಲ್ಲ. ಮೂಲೆಯ ತ್ರಿಜ್ಯ ಕೊಂಡಿಯ ಸರಳಿನ ದಪ್ಪದ ಎರಡರಷ್ಟಿದ್ದರೆ ಪೂರ್ತಿ ಭಾರ ಹಾಕಬಹುದು, ಸರಳಿನ ದಪ್ಪದಷ್ಟೇ ಇದ್ದರೆ 70 ಭಾಗ, ಚೂಪಾಗಿದ್ದರೆ ಅರ್ಧ. ಏಕೆಂದರೆ ಮೂಲೆಯ ಮೇಲೆ ಕೂತ ಕೊಂಡಿ ಎಳೆತದ ಜೊತೆಗೆ ಬಾಗುವಿಕೆಯನ್ನೂ ತಾಳಬೇಕಾಗುತ್ತದೆ. ಆದರೂ ಒಂದು ಭೇದವಿದೆ. ಚೂಪು ಅಂಚಿನ ಮೇಲೆ ಒಂದೇ ಎಳೆತಕ್ಕೆ ವೈರ್ ರೋಪ್ ಗುಜರಿಗೆ ಹೋಗಬಹುದು. ದರ್ಜೆಯ ಸರಪಳಿ, ಭಾರವನ್ನು ಅರ್ಧಕ್ಕೆ ಇಳಿಸಿ ಬಳಸಿದರೆ, ಮರುದಿನವೂ ಕೆಲಸಕ್ಕೆ ಬರುತ್ತದೆ.

ಗಣಿಗಾರಿಕೆಯ ವಿಧಾನ ಬದಲಾದಂತೆ ಅಂಚಿನ ಸ್ವಭಾವವೂ ಬದಲಾಯಿತು. ಸಾಲಾಗಿ ತೂತು ಕೊರೆದು ಬೆಣೆ ಹೊಡೆದು ಬಿಡಿಸಿದ ಬ್ಲಾಕಿನ ಮೈ ಒರಟು, ಅರ್ಧ ತೂತುಗಳ ಗೀರುಗಳಿಂದ ತುಂಬಿರುತ್ತದೆ. ಮೂಲೆಗಳು ಅಲ್ಲಲ್ಲಿ ಮುಕ್ಕಾಗಿರುತ್ತವೆ. ಈಗ ವಜ್ರದ ತಂತಿಗರಗಸ ಬಂದಿದೆ. 1970ರ ದಶಕದ ಕೊನೆಯಲ್ಲಿ ಇಟಲಿಯ ಕರಾರಾದ ಅಮೃತಶಿಲೆ ಗಣಿಗಳಲ್ಲಿ ಬಳಕೆಗೆ ಬಂದು ಆಮೇಲೆ ಗ್ರಾನೈಟಿಗೂ ಹಬ್ಬಿದ ಈ ಸಾಧನದ ಒಳಗಿರುವುದೂ ಸಣ್ಣದೊಂದು ವೈರ್ ರೋಪೇ. ಅದರ ಮೇಲೆ ವಜ್ರದ ಕಣಗಳಿರುವ ಮಣಿಗಳನ್ನು ಪೋಣಿಸಿರುತ್ತಾರೆ. ತಂತಿಗರಗಸ ಕೊಯ್ದ ಬ್ಲಾಕಿನ ಮೈ ನುಣುಪು, ಅಂಚು ಕತ್ತಿಯಷ್ಟು ನೇರ. ನೋಡಲು ನುಣುಪಾದ್ದರಿಂದ ಹಗ್ಗಕ್ಕೆ ಇದು ಸುರಕ್ಷಿತ ಎಂದು ಮೋಸಹೋಗುವುದು ಸುಲಭ. ಹಳೆಯ ಒರಟು ಬ್ಲಾಕಿಗಿಂತ ಈ ಅಂಚು ಹಗ್ಗಕ್ಕೆ ಹೆಚ್ಚು ಕ್ರೂರ. ನುಣುಪು ಮೈಯ ಮೇಲೆ ಕುಣಿಕೆ ಜಾರುವುದೂ ಜಾಸ್ತಿ.

ಪರಿಹಾರ ಅಗ್ಗವಾದದ್ದು, ಅದಕ್ಕೇ ಅದನ್ನು ಕಡೆಗಣಿಸುವುದು ನೋವಿನ ಸಂಗತಿ. ಲಾರಿಯ ಹಳೆಯ ಟೈರಿನ ದಪ್ಪ ತುಂಡು, ಉದ್ದಕ್ಕೆ ಸೀಳಿದ ಕಬ್ಬಿಣದ ಪೈಪು, ಮೂಲೆ ಕೆತ್ತಿದ ಮರದ ದಿಂಡು: ಇವುಗಳಲ್ಲಿ ಒಂದನ್ನು ಪ್ರತಿ ಮೂಲೆಗೂ ಕೊಟ್ಟರೆ ಹಗ್ಗದ ಬಾಗು ದೊಡ್ಡದಾಗುತ್ತದೆ, ಕಲ್ಲಿನ ಮೂಲೆಯೂ ಉಳಿಯುತ್ತದೆ. ಟೈರು ಚೂಪು ಅಂಚಿಗೆ ತೂತಾಗುತ್ತದೆ. ಭಾರ ಹೆಚ್ಚಿದ್ದಲ್ಲಿ ಸೀಳಿದ ಪೈಪೇ ಮೇಲು.

ಯಾವಾಗ ಯಾವುದು

ಮೇಲಿನದೆಲ್ಲವನ್ನು ಕೂಡಿಸಿ ನೋಡಿದರೆ ಇಳಕಲ್ಲಿನಂಥ ಗಣಿಯಲ್ಲಿ ಕೆಲಸವನ್ನು ನೆಲದ ಎಳೆತ, ಗಾಳಿಯ ಎತ್ತುವಿಕೆ ಎಂದು ಎರಡಾಗಿ ಒಡೆಯಬೇಕು. ನೆಲದ ಮೇಲೆ, ಗರಸಿನಲ್ಲಿ, ಒರಟು ಬ್ಲಾಕಿಗೆ ಸುತ್ತಿ ಎಳೆಯುವ ಕುಣಿಕೆಯ ಭಾಗ ಸರಪಳಿಯದಾಗಿರಲಿ. ಕುಣಿಕೆಯಿಂದ ಎಳೆಯುವ ಯಂತ್ರವಾದ ವಿಂಚಿನವರೆಗಿನ ಉದ್ದ ಹಾಯಿ ವೈರ್ ರೋಪಿನದಾಗಿರಲಿ. ಕಲ್ಲನ್ನು ಮುಟ್ಟುವ ಎಂಟು ಮೀಟರ್ ಮಾತ್ರ ಭಾರವಾದ ಉಕ್ಕು, ಉಳಿದದ್ದು ಹಗುರ. ಇವೆರಡನ್ನು ಜೋಡಿಸುವ ಶಾಕಲಿನ ಸಾಮರ್ಥ್ಯವೂ ಅಷ್ಟೇ ಇರಬೇಕು. ಶಾಕಲಿನ ಪಿನ್ ಕಳೆದುಹೋದಾಗ ಅದರ ಜಾಗಕ್ಕೆ ಸಾದಾ ಬೋಲ್ಟು ತೂರಿಸುವುದನ್ನು ಯಾವ ಮೇಸ್ತ್ರಿಯೂ ಒಪ್ಪಬಾರದು.

ಡೆರಿಕ್ ಕ್ರೇನಿನಲ್ಲಿ ಬ್ಲಾಕನ್ನು ಗಣಿಯ ಗುಂಡಿಯಿಂದ ಮೇಲೆತ್ತುವಾಗ ಮಾತು ಬೇರೆ. ತಲೆಯ ಮೇಲೆ ತೂಗುವ ಭಾರಕ್ಕೆ, ಹಾಳಾಗುವ ಮೊದಲೇ ತಂತಿ ಕಡಿದು ಸುಳಿವು ಕೊಡುವ ಹಗ್ಗದ ಗುಣ ಬೆಲೆಬಾಳುತ್ತದೆ. ಅಲ್ಲಿ ಪ್ರತಿ ಮೂಲೆಗೂ ಮೆತ್ತೆ ಕೊಟ್ಟ ವೈರ್ ರೋಪ್ ಸ್ಲಿಂಗು ಸರಿ. ಎರಡು ಕಾಲಿನ ಸ್ಲಿಂಗು ನೆಲಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಕಾಲಿನ ಮೇಲೆ ಭಾರದ 58 ಭಾಗ ಬೀಳುತ್ತದೆ. ಕೋನ 30 ಡಿಗ್ರಿಗೆ ಇಳಿದರೆ ಒಂದೊಂದು ಕಾಲೂ ಇಡೀ ಕಲ್ಲಿನ ತೂಕವನ್ನು ಹೊರುತ್ತದೆ. ಸ್ಲಿಂಗು ಗಿಡ್ಡವಾಯಿತೆಂದು ಅಡ್ಡಡ್ಡ ಚಾಚಿ ಹಾಕುವವರು ಇದನ್ನು ನೆನಪಿಡಬೇಕು.

ಇಂದು ದೊಡ್ಡ ಗಣಿಗಳಲ್ಲಿ ಎಕ್ಸ್‌ಕವೇಟರು ಬ್ಲಾಕನ್ನು ತಳ್ಳಿ ಉರುಳಿಸಿ ಒಯ್ಯುವುದರಿಂದ ಕುಣಿಕೆಯ ಕೆಲಸ ಮೊದಲಿಗಿಂತ ತಗ್ಗಿದೆ. ಯಂತ್ರ ತಲುಪದ ಮೂಲೆಗಳಲ್ಲಿ, ಸಣ್ಣ ಗುತ್ತಿಗೆಗಳಲ್ಲಿ ಅದು ತಪ್ಪಿಲ್ಲ. ಎಕ್ಸ್‌ಕವೇಟರಿನ ಬಕೆಟ್ಟಿನ ಹಲ್ಲಿಗೆ ಹಗ್ಗ ಸಿಕ್ಕಿಸಿ ಝಾಡಿಸಿ ಎಳೆಯುವ ಪದ್ಧತಿ ಮಾತ್ರ ಎರಡೂ ಸಾಧನಗಳಿಗೆ ಶತ್ರು. ಬಕೆಟ್ಟಿನ ಹಲ್ಲೂ ಒಂದು ಚೂಪು ಅಂಚೇ; ಝಾಡಿಸಿದಾಗ ಬೀಳುವ ಬಲ ಮೇಲಿನ ಲೆಕ್ಕದ 12 ಟನ್ನಿಗೆ ನಿಲ್ಲುವುದಿಲ್ಲ. ನಿಧಾನವಾಗಿ ಬಿಗಿದು, ಒಮ್ಮೆ ನಿಂತು ನೋಡಿ, ಆಮೇಲೆ ಎಳೆಯಬೇಕು.

ಬಾದಾಮಿ ಕಡೆಯ ಮರಳುಗಲ್ಲಿನ ಲೆಕ್ಕ ಸರಳ. ಅಲ್ಲಿ ಏಳುವುದು ಹೆಚ್ಚಾಗಿ ಹಾಸುಗಲ್ಲು, ಕಟ್ಟಡದ ಕಲ್ಲು. ತೂಕ ಕಡಿಮೆ, ಸರಪಳಿ ಬಿಗಿದರೆ ಅಂಚೇ ಪುಡಿಯಾಗುವಷ್ಟು ಮೆದು. ಮೆತ್ತೆ ಕೊಟ್ಟ ತೆಳು ವೈರ್ ರೋಪ್ ಸಾಕು. ಪಾಲಿಶ್ ಆದ ಗ್ರಾನೈಟ್ ಹಲಗೆಗಳನ್ನು ಎತ್ತಲು ಕಾರ್ಖಾನೆಗಳಲ್ಲಿ ಪಾಲಿಯೆಸ್ಟರ್ ಪಟ್ಟಿಗಳಿವೆ. ಅವನ್ನು ಗಣಿಯ ಕಚ್ಚಾ ಬ್ಲಾಕಿಗೆ ಸುತ್ತಬಾರದು, ಅಂಚು ಅವನ್ನು ಕೊಯ್ದುಹಾಕುತ್ತದೆ.

ಕಟ್ಟು, ತಪಾಸಣೆ, ನಿಲ್ಲುವ ಜಾಗ

ವೈರ್ ರೋಪಿನ ತುದಿಗೆ ಕಣ್ಣು ಮಾಡುವುದರಲ್ಲಿ ಅರ್ಧ ಅಪಾಯ ಅಡಗಿದೆ. ಕಾರ್ಖಾನೆಯಲ್ಲಿ ಲೋಹದ ತೋಳು ಒತ್ತಿ ಮಾಡಿದ ಕಣ್ಣು ಹಗ್ಗದ ಬಲದ ಸುಮಾರು 90 ಭಾಗ ಉಳಿಸುತ್ತದೆ. ಗಣಿಯಲ್ಲೇ ಯು ಆಕಾರದ ಕ್ಲಾಂಪು ಹಾಕಿ ಮಾಡುವ ಕಣ್ಣು, ಸರಿಯಾಗಿ ಹಾಕಿದರೂ, 80 ಭಾಗದ ಸುತ್ತ. ತಿರುವುಮುರುವಾಗಿ ಹಾಕಿದರೆ ಇನ್ನೂ ಕಮ್ಮಿ. ಕ್ಲಾಂಪಿನ ತಡಿ ಭಾರ ಹೊರುವ ಉದ್ದ ಹಗ್ಗದ ಮೇಲೆ, ಯು ಬೋಲ್ಟು ಗಿಡ್ಡ ತುದಿಯ ಮೇಲೆ ಕೂರಬೇಕು. ಎಲ್ಲ ಕ್ಲಾಂಪುಗಳೂ ಒಂದೇ ಕಡೆಗೆ. ಮೊದಲ ಭಾರ ಬಿದ್ದ ಮೇಲೆ ಹಗ್ಗ ಸ್ವಲ್ಪ ಸಣ್ಣಗಾಗುವುದರಿಂದ ನಟ್ಟುಗಳನ್ನು ಮತ್ತೆ ಬಿಗಿಯಬೇಕು. ಸರಪಳಿ ಉದ್ದವಾಯಿತೆಂದು ಗಂಟು ಹಾಕುವುದು, ಕಡಿದ ಕೊಂಡಿಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಯಿಸುವುದು ಎರಡೂ ನಿಷಿದ್ಧ. ಹದಗೊಳಿಸಿದ ಉಕ್ಕು ವೆಲ್ಡಿಂಗಿನ ಕಾವಿಗೆ ತನ್ನ ಹದವನ್ನೇ ಕಳೆದುಕೊಳ್ಳುತ್ತದೆ.

ತಪಾಸಣೆಗೆ ಬೇಕಾದದ್ದು ಕಣ್ಣು, ದಪ್ಪ ಕೈಗವಸು, ವರ್ನಿಯರ್ ಮಾಪಕ. ಹಗ್ಗದ ಒಂದು ಎಳೆ ಪೂರ್ತಿ ಒಂದು ಸುತ್ತು ತಿರುಗುವ ಉದ್ದದಲ್ಲಿ ಒಟ್ಟು 10 ತಂತಿ, ಅಥವಾ ಒಂದೇ ಎಳೆಯಲ್ಲಿ 5 ತಂತಿ ಕಡಿದಿದ್ದರೆ ಆ ಸ್ಲಿಂಗಿನ ಆಯುಷ್ಯ ಮುಗಿಯಿತೆಂಬುದು ಬಳಕೆಯಲ್ಲಿರುವ ಅಳತೆ. ಮಡಚಿ ಗೊಣಸು ಬಿದ್ದ, ಎಳೆ ಬಿಚ್ಚಿ ಪಂಜರದಂತೆ ಉಬ್ಬಿದ ಹಗ್ಗವನ್ನು ಲೆಕ್ಕ ಹಾಕದೆ ತೆಗೆಯಬೇಕು. ಸರಪಳಿಯಲ್ಲಿ ಕೊಂಡಿ ಕೊಂಡಿ ಕೂಡುವ ಒಳಬದಿಯನ್ನು ಅಳೆಯಬೇಕು. ದಪ್ಪ 10 ಭಾಗ ಸವೆದಿದ್ದರೆ, ಒಂದು ಕೊಂಡಿ ಬಾಗಿದ್ದರೆ ಅಥವಾ ಹಿಗ್ಗಿದ್ದರೆ ಇಡೀ ಸರಪಳಿ ಕೆಲಸಕ್ಕಿಲ್ಲ. ಹಗ್ಗ ಸಾಯುವ ಮೊದಲು ಹೇಳಿಕೊಳ್ಳುತ್ತದೆ. ಸರಪಳಿಯನ್ನು ನಾವೇ ಕೇಳಬೇಕು, ದಿನವೂ ಕೇಳಬೇಕು.

ಕಲ್ಲುಗಣಿಗಳೂ 2025ರವರೆಗೆ 1952ರ ಗಣಿ ಕಾಯ್ದೆಯ ವ್ಯಾಪ್ತಿಯಲ್ಲಿದ್ದವು. ಅದರಡಿಯಲ್ಲಿ 1961ರ ಲೋಹ ಗಣಿ ನಿಬಂಧನೆಗಳನ್ನೂ 1966ರ ಗಣಿ ಕಾರ್ಮಿಕರ ತರಬೇತಿ ನಿಯಮಗಳನ್ನೂ ಮಾಡಲಾಗಿತ್ತು. ಗಣಿ ಸುರಕ್ಷತೆಯ ನಿಯಮಗಳನ್ನು ಜಾರಿ ಮಾಡುವುದು ಧನಬಾದಿನಲ್ಲಿ ಕೇಂದ್ರ ಕಚೇರಿಯಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ತಲೆಮಾರುಗಳಿಂದ ಕಲ್ಲಿನ ಕೆಲಸವನ್ನೇ ನಂಬಿದ ಭೋವಿ ಸಮುದಾಯದವರು ಕಲ್ಲಿನ ಸೀಳುಗೆರೆಯನ್ನು ಕೈಯಿಂದ ತಡವಿ ಹೇಳಬಲ್ಲರು. ಅಂಥವರ ಕೈಗೆ ಗುರುತಿಲ್ಲದ ಸರಪಳಿಯನ್ನೂ ಸವೆದ ಹಗ್ಗವನ್ನೂ ಕೊಡುವುದು ಅವರ ವಿದ್ಯೆಗೆ ಮಾಡುವ ಅವಮಾನ. ಸ್ಲಿಂಗಿನ ಮೇಲೆ ಅದರ ಸಾಮರ್ಥ್ಯ ಬರೆದ ಬಿಲ್ಲೆ ಇರಬೇಕು, ಆ ಬಿಲ್ಲೆ ಕನ್ನಡದ ಅಂಕಿಯಲ್ಲೂ ಇದ್ದರೆ ಒಳ್ಳೆಯದು.

ಬಿಗಿದ ಹಗ್ಗ ಕಡಿದಾಗ ತನ್ನ ಉದ್ದದಷ್ಟು ದೂರಕ್ಕೆ ಚಾಟಿಯಂತೆ ಬೀಸುತ್ತದೆ. ಸರಪಳಿ ಕಡಿದರೆ ಅದರ ತುದಿ ಎಳೆಯುವ ದಿಕ್ಕಿಗೆ ಚಿಮ್ಮುತ್ತದೆ. ಆದ್ದರಿಂದ ಎಳೆತ ನಡೆಯುವಾಗ ಹಗ್ಗದ ಗುಂಟವಾಗಲಿ, ಅದು ಬಾಗಿದ ಒಳಮೂಲೆಯಲ್ಲಾಗಲಿ, ಬ್ಲಾಕಿನ ಇಳಿಜಾರಿನ ಕೆಳಗಾಗಲಿ ಯಾರೂ ನಿಲ್ಲುವಂತಿಲ್ಲ. ಸನ್ನೆ ಕೊಡುವವನು ಒಬ್ಬನೇ ಇರಬೇಕು. ಅವನು ಆಪರೇಟರನ ಕಣ್ಣಿಗೆ ಬೀಳುವಲ್ಲಿ, ಹಗ್ಗದ ಉದ್ದಕ್ಕಿಂತ ದೂರ ನಿಲ್ಲಬೇಕು. ಆಯುಷ್ಯ ಮುಗಿದ ಹಗ್ಗ ಮತ್ತು ಸರಪಳಿಗಳನ್ನು ಗ್ಯಾಸ್ ಕಟ್ಟರಿನಿಂದ ಗೇಣುಗೇಣಿಗೆ ತುಂಡರಿಸಿಯೇ ಗುಜರಿಗೆ ಕೊಡಬೇಕು. ಇಡಿಯಾಗಿ ಬಿಟ್ಟದ್ದು ಮಳೆಗಾಲದಲ್ಲಿ ಎರೆಹೊಲದಲ್ಲಿ ಹುಗಿದ ಟ್ರ್ಯಾಕ್ಟರನ್ನು ಜಗ್ಗಲು ಯಾರದೋ ಕೈ ಸೇರುತ್ತದೆ, ಅಲ್ಲಿ ಅದರ ಹಳೆಯ ಗಾಯ ಯಾರಿಗೂ ಗೊತ್ತಿರುವುದಿಲ್ಲ.